ಮಾನ್ವಿಯ ಪೇಟಿ ಮಾಸ್ತರರಿಗೆ ಹೊಸ ಚಿಪ್ಪಿನ ಕಂಪ್ಯೂಟರ್ ಮಾರಿದ್ದು

ಈ ವ್ಯವಹಾರ ನನಗೆ ಎಷ್ಟಕ್ಕೆ ಬಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಮೂರೂವರೆ ತಿಂಗಳು. ರಾಯಚೂರಿನಿಂದ ಮಾನ್ವಿಗೆ ಹದಿನೇಳು ಸಲ, ದೇವದುರ್ಗಕ್ಕೆ ಒಂದು ಸಲ ಬಸ್ಸು. ಒಂದು ಹೊಸ ಕಂಪ್ಯೂಟರಿನ ಪೂರ್ತಿ ಲಾಭ, ಜೊತೆಗೆ ನನ್ನ ಅಂಗಡಿಯ ಇನ್ನೊಂದು ಒಳ್ಳೆಯ ಕಂಪ್ಯೂಟರ್. ಇವನ್ನೆಲ್ಲ ಮತ್ತೆ ದುಡಿದುಕೊಳ್ಳಬಹುದು. ದುಡಿದುಕೊಳ್ಳಲಾಗದ್ದು ಒಂದಿದೆ. ಮಾನ್ವಿಯ ಪೇಟಿ ಮಾಸ್ತರರು ನನ್ನ ಮಾತಿಗೆ ಹಿಂದೆಮುಂದೆ ನೋಡದೆ ಹೂಂ ಅನ್ನುತ್ತಿದ್ದ ಕಾಲ ಹೋಯಿತು. ಈಗಲೂ ನನ್ನ ಹತ್ತಿರವೇ ಸಾಮಾನು ಕೊಳ್ಳುತ್ತಾರೆ, ಆದರೆ ಎರಡೆರಡು ಸಲ ಕೇಳಿ ಕೊಳ್ಳುತ್ತಾರೆ.

ಯಾಕೆ ಹೀಗಾಯಿತು ಅಂದರೆ, ಕಣ್ಣು ಕಾಣದವರಿಗೆ ನಾನು ಬರೀ ಕಣ್ಣಿನಿಂದ ಪರೀಕ್ಷೆ ಮಾಡಿದ ಮಷಿನ್ ಮಾರಿದೆ. ಅದೂ ಮಾರಬೇಕಾದ ಅಗತ್ಯವೇ ಇಲ್ಲದಿದ್ದಾಗ.

ರಾಯಚೂರಿನಲ್ಲಿ ನನ್ನದು ಕಂಪ್ಯೂಟರು, ಮೈಕು, ಸೌಂಡ್ ಸಾಮಾನಿನ ಅಂಗಡಿ. ಹಳೆಯದು ಕೊಟ್ಟು ಹೊಸದು ಒಯ್ಯುವ ವ್ಯವಹಾರವೇ ಹೆಚ್ಚು. ಮಾಸ್ತರರು ಎಂಟು ವರ್ಷದ ಗಿರಾಕಿ. ಹುಟ್ಟಿನಿಂದ ಕಣ್ಣಿಲ್ಲ. ಹಾರ್ಮೋನಿಯಂ ಕಲಿಸುತ್ತ ಪೇಟಿ ಮಾಸ್ತರ ಅನ್ನಿಸಿಕೊಂಡವರು, ಮನೆಯ ಮುಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡಿದ್ದಾರೆ. ಭಜನೆ, ತತ್ವಪದ, ಮೊಹರಂ ಬಂದರೆ ರಿವಾಯತ್ ಪದ. ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುವ ಈ ಪದಗಳನ್ನು ನಮ್ಮ ಕಡೆ ಹಾಡುವವರಲ್ಲಿ ಹೆಚ್ಚಿನವರು ಹೊಲದ ಕೂಲಿಯವರು.

ಮಾಸ್ತರರು ಕೆಲಸ ಮಾಡುವ ರೀತಿ ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪರದೆಯ ಮೇಲಿರುವ ಅಕ್ಷರವನ್ನು ದನಿ ಮಾಡಿ ಓದುವ ಸಾಫ್ಟ್‌ವೇರ್ ಒಂದಿದೆ. ಆದರೆ ಸಂಗೀತದ ಸಾಫ್ಟ್‌ವೇರ್ ತನ್ನ ಗುಂಡಿ, ಪಟ್ಟಿಗಳನ್ನೆಲ್ಲ ಚಿತ್ರದ ಹಾಗೆ ಬಿಡಿಸಿಟ್ಟಿರುತ್ತದೆ. ಚಿತ್ರವನ್ನು ಆ ದನಿ ಓದಲಾರದು. ಎರಡರ ನಡುವೆ ಒಂದು ಸಣ್ಣ ಕೊಂಡಿ ಬೇಕು. ಅಂಥ ಕೊಂಡಿಯನ್ನು ಬೇರೆ ರಾಜ್ಯದ ಒಬ್ಬ ಪ್ರೋಗ್ರಾಮರ್ ತಮಗೋಸ್ಕರ ಬರೆದುಕೊಂಡು, ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಿದ್ದರು. ಅವರಿಗೂ ಕಣ್ಣಿಲ್ಲ. ಆ ಕೊಂಡಿ ಹಿಡಿದು ಮಾಸ್ತರರು ಎಂಟು ವರ್ಷ ಒಬ್ಬರೇ ಕೂತು ಕೆಲಸ ಮಾಡಿದರು. ಕೆಳಗೆ ಮೂರು, ಬಲಕ್ಕೆ ಎರಡು, ಎಂಟರ್ ಅಂದರೆ ಹಲಗಿ ಅನ್ನುವ ಚರ್ಮವಾದ್ಯದ ಟ್ರ್ಯಾಕು. ಕೆಳಗೆ ಐದು ಅಂದರೆ ಹಾಡುಗಾರನ ದನಿ. ಇದರ ಜೊತೆಗೆ ಸ್ಯಾಂಪ್ಲರ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಹಲಗಿ, ತಾಸೆ, ಜಾಗಟೆ, ಚೌಡಿಕೆಗಳ ಒಂದೊಂದು ಪೆಟ್ಟನ್ನೂ ಮುದ್ರಿಸಿ ಕೂಡಿಟ್ಟಿದ್ದರು. ಸಂಗೀತದ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಆ ಪೆಟ್ಟು ಬೀಳುತ್ತಿತ್ತು.

ಅದಕ್ಕೂ ಮುಂಚೆ ಹತ್ತು ವರ್ಷ ಅವರು ಬೇರೆಯವರ ಸ್ಟುಡಿಯೋಗಳಲ್ಲಿ ಆಪರೇಟರ್ ಪಕ್ಕ ಕೂತು, ಸ್ವಲ್ಪ ಹಿಂದಕ್ಕೆ ಹೋಗಿರಿ, ಇನ್ನೊಂದು ಚೂರು ಕಡಿಮೆ ಮಾಡಿರಿ ಅಂತ ಕೇಳಿಕೊಂಡು ಕೆಲಸ ಮಾಡಿದವರು. ಆಪರೇಟರ್‌ಗೆ ಬೇಸರ ಬಂದರೆ ಹಾಡು ಅಲ್ಲಿಗೇ ಮುಗಿಯುತ್ತಿತ್ತು. ಆ ದಿನಗಳಿಗೆ ವಾಪಸ್ ಹೋಗಬಾರದು ಅನ್ನುವುದೊಂದೇ ಅವರ ಹಠ. ನಾನು ಕೈಯಾರೆ ಪಣಕ್ಕೆ ಹಚ್ಚಿದ್ದು ಅದನ್ನೇ.

ಮೊಹರಂಗೆ ಎರಡು ತಿಂಗಳಿದ್ದಾಗ ಅವರ ಹಳೆ ಕಂಪ್ಯೂಟರು ಕೆಲಸದ ನಡುವೆ ತಾನೇ ಆಫ್ ಆಗಲು ಶುರುವಾಯಿತು. ದೇವದುರ್ಗದ ಕಡೆಯ ಒಂದು ಮೇಳ ಏಳು ರಿವಾಯತ್ ಪದ ಮುದ್ರಿಸಲು ಗೊತ್ತು ಮಾಡಿತ್ತು. ಮಾಸ್ತರರು ಫೋನ್ ಮಾಡಿ, "ಏನ್ ಮಾಡೂದ್ರಿ ಸಾಹೇಬ್ರ?" ಅಂದರು.

"ಎಂಟು ವರ್ಷ ದುಡದದ ಮಾಸ್ತರ್ರ. ಹಳೇದು ನನಗ ಕೊಡ್ರಿ, ಹೊಸಾದು ತೊಗೋರಿ. ರೇಟಿನಾಗ ನಾ ನೋಡ್ತೀನಿ."

"ನನ್ನ ಕೆಲಸ ಹಿಂಗ ನಡೀತದಲ್ರಿ?"

"ಎಲ್ಲಾ ಹಾಂಗ ಇರ್ತದ," ಅಂದೆ.

ಆಗ ಹೊಸ ಬಗೆಯ ಪ್ರೊಸೆಸರಿನ ಕಂಪ್ಯೂಟರುಗಳು ಬಂದಿದ್ದವು. ಅಂಗೈ ಎರಡರಷ್ಟು ಡಬ್ಬಿ, ಫ್ಯಾನೇ ಇಲ್ಲ, ಬಿಸಿಯಾಗುವುದಿಲ್ಲ, ಇನ್ವರ್ಟರ್ ಮೇಲೆ ತಾಸುಗಟ್ಟಲೆ ಓಡುತ್ತದೆ. ರೆಕಾರ್ಡಿಂಗ್ ಕೋಣೆಯಲ್ಲಿ ಫ್ಯಾನಿನ ಸದ್ದಿಲ್ಲ ಅಂದರೆ ಅದೇ ಅರ್ಧ ಲಾಭ. ಹೈದರಾಬಾದಿನ ವ್ಯಾಪಾರಿಯ ಜೊತೆ ಮೂರು ದಿನ ಫೋನಿನಲ್ಲಿ ಹಗ್ಗಜಗ್ಗಾಡಿ ಬೆಲೆ ಇಳಿಸಿದೆ. ಒಂದು ತೊಡಕು ನನಗೆ ಗೊತ್ತಿತ್ತು. ಪ್ರೊಸೆಸರ್ ಅಂದರೆ ಆಜ್ಞೆಗಳನ್ನು ನಡೆಸಿಕೊಡುವ ಚಿಪ್ಪು. ಹಳೆ ಚಿಪ್ಪಿಗೆ ಬರೆದ ಆಜ್ಞೆ ಹೊಸ ಚಿಪ್ಪಿಗೆ ತಿಳಿಯುವುದಿಲ್ಲ. ಅದಕ್ಕೆ ಮಷಿನ್ ಒಳಗೇ ಒಬ್ಬ ತರ್ಜುಮೆದಾರನನ್ನು ಇಟ್ಟಿರುತ್ತಾರೆ. ನಮ್ಮ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ತೆಲುಗು ವ್ಯಾಪಾರಿಗೂ ಕನ್ನಡ ರೈತನಿಗೂ ನಡುವೆ ದಲಾಲ ನಿಂತು ಎರಡೂ ಕಡೆ ಮಾತು ದಾಟಿಸುತ್ತಾನಲ್ಲ, ಹಾಗೆ. ಗಂಜಿನಲ್ಲಿ ಅರ್ಧ ಗಳಿಗೆ ತಡವಾದರೆ ಯಾರೂ ಸಾಯುವುದಿಲ್ಲ. ಹಾಡಿನಲ್ಲಿ ಹಾಗಲ್ಲ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ.

ಅಂಗಡಿಯಲ್ಲಿ ಮಾಸ್ತರರ ಫೈಲುಗಳನ್ನೆಲ್ಲ ಹೊಸ ಮಷಿನ್‌ಗೆ ಹಾಕಿ ಒಂದು ಹಾಡು ತೆರೆದೆ. ಪರದೆಯ ಮೇಲೆ ಟ್ರ್ಯಾಕುಗಳು ಸಾಲಾಗಿ ಬಂದವು, ಹಸಿರು ಪಟ್ಟಿಗಳು ಏರಿಳಿದವು, ಹಾಡು ಕೇಳಿಸಿತು. ಆಯಿತು ಅಂತ ಡಬ್ಬಿಗೆ ತುಂಬಿದೆ.

ಮಾನ್ವಿಯಲ್ಲಿ ಮಾಸ್ತರರು ಕುರ್ಚಿ ಎಳೆದುಕೊಂಡು ಕೂತು ಕೆಳಗೆ ಮೂರು, ಬಲಕ್ಕೆ ಎರಡು ಒತ್ತಿದರು. ದನಿ "ಖಾಲಿ" ಅಂದಿತು. ಮತ್ತೆ ಒತ್ತಿದರು. "ಖಾಲಿ." ಪಡಸಾಲೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವರ ಹೆಂಡತಿ ಕಾಲು ನಿಲ್ಲಿಸಿ ಹೇಳಿದರು: "ಸಾಹೇಬ್ರ, ಇದರ ಬಾಯಿ ಹೊಲದು ತಂದೀರೇನ್ರೀ? ಹೊಲಿಯಾಕ ನಾ ಇದ್ನಲ್ರಿ."

ಆದದ್ದು ಇಷ್ಟು. ಸಂಗೀತದ ಸಾಫ್ಟ್‌ವೇರಿಗೆ ಹೊಸ ಚಿಪ್ಪಿಗೆಂದೇ ಬರೆದ ಆವೃತ್ತಿ ಬಂದಿತ್ತು, ನಾನು ಅದನ್ನೇ ಹಾಕಿದ್ದೆ. ಅದು ಓಡಿತು, ಆದರೆ ಹಳೆ ಕೊಂಡಿ ಅದಕ್ಕೆ ಕೂಡಲಿಲ್ಲ. ಹಳೆ ಸ್ಯಾಂಪ್ಲರನ್ನೂ ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾನು ಅಂಗಡಿಯಲ್ಲಿ ಕೇಳಿದ್ದು ಮುಂಚೆಯೇ ಮುಗಿಸಿಟ್ಟಿದ್ದ ಹಾಡು. ಅದರಲ್ಲಿ ಸ್ಯಾಂಪ್ಲರಿನ ಕೆಲಸವೇ ಇರಲಿಲ್ಲ.

ಎರಡನೇ ಸಲ ಹೋಗಿ ಹಳೆ ಆವೃತ್ತಿಯನ್ನೇ ಹಾಕಿ ತರ್ಜುಮೆದಾರನ ಮೂಲಕ ಓಡಿಸಿದೆ. ಕೊಂಡಿ ಕೂಡಿತು, ಸ್ಯಾಂಪ್ಲರ್ ತೆರೆಯಿತು. ನಾನು ಬೆವರು ಒರೆಸಿಕೊಂಡೆ. ಮಾಸ್ತರರು ಹಲಗಿ ಬಾರಿಸಿದರು. ಪಟಪಟ ಅಂತ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು ಒಡೆಯಿತು. ಇದಕ್ಕೆ ಬಫರ್ ಕಾರಣ. ಕಂಪ್ಯೂಟರು ಸದ್ದನ್ನು ಬುಟ್ಟಿಗಳಲ್ಲಿ ತುಂಬಿ ತುಂಬಿ ಕಳಿಸುತ್ತದೆ ಅಂತ ತಿಳಿಯಿರಿ. ಸಣ್ಣ ಬುಟ್ಟಿಯಾದರೆ ಬೇಗ ಬರುತ್ತದೆ, ಆದರೆ ತುಂಬುವವನು ನಿಧಾನಿಯಾದರೆ ನಡುನಡುವೆ ಖಾಲಿ ಬುಟ್ಟಿ ಬರುತ್ತದೆ. ದೊಡ್ಡ ಬುಟ್ಟಿಯಾದರೆ ಖಾಲಿ ಬರುವುದಿಲ್ಲ, ಆದರೆ ತುಂಬಿ ಬರುವಷ್ಟು ತಡವಾಗುತ್ತದೆ. ತರ್ಜುಮೆಯಲ್ಲಿ ಹೊತ್ತು ಹೋಗುತ್ತಿತ್ತು. ಹಳೆ ಮಷಿನ್‌ನಲ್ಲಿ ನೂರಿಪ್ಪತ್ತೆಂಟರ ಬುಟ್ಟಿ ಸಾಕಾಗಿತ್ತು. ಇಲ್ಲಿ ಐನೂರ ಹನ್ನೆರಡಕ್ಕೆ ಏರಿಸಿದ ಮೇಲೆ ಸದ್ದು ಒಡೆಯುವುದು ನಿಂತಿತು.

ಮಾಸ್ತರರು ಬಾರಿಸಿದರು, ನಿಲ್ಲಿಸಿದರು, ಬೆರಳಿನ ನೆಟಿಕೆ ಮುರಿದುಕೊಂಡರು, ಮತ್ತೆ ಬಾರಿಸಿದರು.

"ಯಾಕೋ ಕೈ ನಿಧಾನ ಆಗ್ಯಾವ್ರಿ."

"ಹೊಸಾದಲ್ರಿ, ರೂಢಿ ಆಗ್ತದ," ಅಂದೆ.

ರೂಢಿಯ ಪ್ರಶ್ನೆ ಅದಲ್ಲ ಅಂತ ನನಗೆ ಅನುಮಾನವಿತ್ತು. ಆದರೆ ಬಸ್ಸಿನ ಹೊತ್ತಾಗಿತ್ತು, ಮಾರಿದ ಸಾಮಾನು ವಾಪಸ್ ಬರಬಾರದಿತ್ತು. ಮಾಸ್ತರರು ಎರಡು ವಾರ ದಿನವೂ ಮುಂಜಾನೆ ಕೂತು ತಾಳ ಸಾಧನೆ ಮಾಡಿದರಂತೆ. ಕಲಿಯುವ ಹುಡುಗರ ಹಾಗೆ, ಒಂದೇ ತಾಳ. ಅವರ ಹೆಂಡತಿ ಇದನ್ನು ನನಗೆ ಹೇಳಿದ್ದು ಆಮೇಲೆ.

ಮೇಳದವರು ಬಂದ ದಿನ ನಾನೂ ಮಾನ್ವಿಯಲ್ಲಿದ್ದೆ. ಐದು ಜನ, ಮುಂದಾಳು ಅರವತ್ತು ದಾಟಿದ ಹಿರಿಯ ಹಾಡುಗಾರ. ದಿನದ ಕೂಲಿ ಬಿಟ್ಟು ಬಂದಿದ್ದರು. ಹಿರಿಯರದೊಂದು ಪದ್ಧತಿ. ಹಾಡುವಾಗ ಎಡಗೈಯನ್ನು ಎಡಗಿವಿಗೆ ಬಟ್ಟಲಿನ ಹಾಗೆ ಹಿಡಿಯುತ್ತಾರೆ. ರಿವಾಯತ್ ಹಾಡುವ ಬಹಳ ಜನ ಹಾಗೇ. ತಮ್ಮ ದನಿ ತಮಗೆ ನೇರ ಕೇಳಬೇಕು. ಹೀಗಾಗಿ ಹೆಡ್‌ಫೋನು ಬಲಗಿವಿಗೆ ಮಾತ್ರ. ಎರಡೂ ಕಿವಿ ಮುಚ್ಚಿದ್ದರೆ ಬಹುಶಃ ತಡ ಇಷ್ಟು ಗೊತ್ತಾಗುತ್ತಿರಲಿಲ್ಲ. ಇಲ್ಲಿ ಎಡಗಿವಿಗೆ ಅವರ ದನಿ ಆಗಿಂದಾಗ ಕೇಳುತ್ತಿತ್ತು, ಬಲಗಿವಿಗೆ ಅದೇ ದನಿ ಮಷಿನ್ ಸುತ್ತಿ ತಡವಾಗಿ ಬರುತ್ತಿತ್ತು.

ಮೊದಲ ಸಾಲಿಗೇ ಹಾಡು ನಿಲ್ಲಿಸಿದರು. ಎರಡನೇ ಸಲವೂ ಅಲ್ಲಿಯೇ. ಮೂರನೇ ಸಲ ಹೆಡ್‌ಫೋನು ತೆಗೆದು ನೆಲಕ್ಕಿಟ್ಟು ಟವೆಲ್ ಹೆಗಲಿಗೆ ಹಾಕಿಕೊಂಡರು.

"ಮಾಸ್ತರ, ನನ್ನ ಬೆನ್ನ ಹಿಂದ ಇನ್ನೊಬ್ಬವ ನಿಂತು ನನ್ನ ದನಿಲೇ ಹಾಡಾಕತ್ಯಾನ. ದುಃಖದ ಪದ ಇದು. ಅಣಕಿಸಿದಂಗ ಆಗ್ತದ. ನಾ ಒಲ್ಲೆ."

"ಯಪ್ಪಾ, ಒಂದ್ ಗಳಿಗಿ ತಡೀರಿ..."

"ನಿಂದೇನೂ ತಪ್ಪಿಲ್ಲ ಬಿಡು. ನಿನ್ನ ಕೈಯಾಗ ಮೊದಲಿನ ಕಸುವು ಉಳದಿಲ್ಲ. ವಯಸ್ಸು ಯಾರನ್ನ ಬಿಟ್ಟದ?"

ಐವರೂ ಹೋದರು. ಮಾಸ್ತರರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಲಗಿ ತಾಳ ತಪ್ಪಿದ್ದೂ ತಮ್ಮ ಕೈಯಿಂದ, ಹಾಡು ಕೆಟ್ಟದ್ದೂ ತಮ್ಮ ಕೈಯಿಂದ ಅಂತ ಅವರು ನಂಬಿಬಿಟ್ಟಿದ್ದರು. ನಾನು ಆಗಲೂ ವ್ಯಾಪಾರದವನ ಬುದ್ಧಿಯಿಂದಲೇ ಮಾತಾಡಿದೆ.

"ಹೊಸ ಆವೃತ್ತಿ ಹಾಕಿದ್ರ ಸದ್ದು ತಡ ಆಗೂದಿಲ್ರಿ. ಅದು ನಿಮಗ ಓದಿ ಹೇಳೂದಿಲ್ಲ, ಖರೆ. ನೀವು ಹೇಳ್ರಿ, ನಾ ಬಂದು ಒತ್ತತೀನಿ. ವಾರಕ್ಕ ಎರಡು ದಿನ ಬರ್ತೀನಿ."

ಮಾಸ್ತರರು ಮುಖ ನನ್ನ ಕಡೆ ತಿರುಗಿಸಿದರು. ದನಿ ಏರಿಸಲಿಲ್ಲ.

"ಹತ್ತು ವರ್ಷ ಇನ್ನೊಬ್ಬರ ಕೈ ಬೇಡೀನ್ರಿ ಸಾಹೇಬ್ರ. ಇನ್ನ ಬೇಡೂದಿಲ್ಲ. ಪೇಟಿ ಅದ, ಮಕ್ಕಳಿಗೆ ಪಾಠ ಹೇಳ್ತೀನಿ. ಇದನ್ನ ನೀವು ಒಯ್ರಿ."

ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಸೌಂಡ್ ಬಾಕ್ಸಿನ ಹೊರದಾರಿಯಿಂದ ಒಳದಾರಿಗೆ ಒಂದು ವೈರು ಕೂಡಿಸಿ, ಟಕ್ ಅನ್ನುವ ಒಂದೇ ಸದ್ದು ಕಳಿಸಿ, ಅದು ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದೆ. ಮೂವತ್ತೊಂದು ಮಿಲಿಸೆಕೆಂಡು. ಹಳೆ ಮಷಿನ್‌ಗೆ ಇದೇ ಪರೀಕ್ಷೆ ಹಿಂದೆ ಮಾಡಿದ್ದು ನನ್ನ ಡೈರಿಯಲ್ಲಿತ್ತು, ಒಂಬತ್ತು. ಅಂಕಿ ನೋಡಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಮಷಿನನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ.

ರಾಯಚೂರಿನ ಬಸ್ಸು ಕಣ್ಣೆದುರು ಬಂತು, ಹೋಯಿತು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಮೂವತ್ತೊಂದು ಮಿಲಿಸೆಕೆಂಡಿನ ಮಾತು ಹೇಳಿದರೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು. ಮಾಸ್ತರರ ಹಳೆ ಕಂಪ್ಯೂಟರು ಆಫ್ ಆಗುತ್ತಿದ್ದದ್ದು ಒಳಗಿನ ಪವರ್ ಸಪ್ಲೈ ಕೆಟ್ಟದ್ದರಿಂದ. ಬದಲಿಸಲು ಅರ್ಧ ತಾಸು ಸಾಕು. ಫೋನಿನಲ್ಲಿ ಅವರು ಲಕ್ಷಣ ಹೇಳಿದಾಗಲೇ ನನಗೆ ಹೊಳೆದಿತ್ತು. ಹೇಳಲಿಲ್ಲ. ಹಳೆಯದನ್ನು ತೆಗೆದುಕೊಂಡು, ಆ ಭಾಗ ಬದಲಿಸಿ, ಮಾನ್ವಿಯದೇ ಒಂದು ಅಕ್ಕಿ ಗಿರಣಿಯ ಲಾರಿ ತೂಗುವ ಕಾಟಾಕ್ಕೆ ಮಾರಿಬಿಟ್ಟಿದ್ದೆ.

ವಾಪಸ್ ನಡೆದು ಹೋದೆ. ಬಾಗಿಲಲ್ಲೇ ನಿಂತು ಎರಡನ್ನೂ ಹೇಳಿದೆ. ಮೊದಲು ಪವರ್ ಸಪ್ಲೈ, ಆಮೇಲೆ ಮಿಲಿಸೆಕೆಂಡು. ಹೊಲಿಗೆ ಯಂತ್ರ ನಿಂತಿತು. ಮಾಸ್ತರರು ಎರಡೂ ಅಂಗೈ ಉಜ್ಜಿಕೊಂಡರು.

"ಅಂದ್ರ ನನ್ನ ಕೈ ನೆಟ್ಟಗ ಅವ?"

"ನೆಟ್ಟಗ ಅವ್ರಿ."

"ಹದಿನೈದು ದಿನ ಸಾಹೇಬ್ರ. ಹದಿನೈದು ದಿನ ಮುಂಜಾನೆದ್ದು ನನ್ನ ಕೈಗೆ ನಾ ಬೈದೀನಿ. ನಿಮಗ ಗೊತ್ತಿತ್ತು."

ಅವರ ಹೆಂಡತಿ ಕತ್ತರಿ ಕೆಳಗಿಟ್ಟು ಬಂದು ನನ್ನೆದುರು ನಿಂತರು. "ಕಣ್ಣಿದ್ದವರು ಮೋಸ ಮಾಡಿದ್ರ ನಮಗ ಹೊಸಾದಲ್ಲ ಬಿಡ್ರಿ. ನೀವು ಮಾಡಂಗಿಲ್ಲಂತ ಈ ಮನುಷ್ಯ ಊರ ತುಂಬ ಹೇಳ್ಕೊಂಡು ಅಡ್ಡಾಡ್ಯಾನಲ್ರಿ."

ಮಾರಿದ ಬೆಲೆಯನ್ನು ಪೂರ್ತಿ ವಾಪಸ್ ಕೊಡುತ್ತೇನೆ, ಹಳೆ ಮಷಿನನ್ನು ತಂದು ಕೂಡಿಸುತ್ತೇನೆ ಅಂದೆ. ಮಾಸ್ತರರು "ತರ್ರಿ" ಅಂದರು, ಅಷ್ಟೇ. ಕುಂದರ್ರಿ ಅನ್ನಲಿಲ್ಲ.

ಅದೇ ಮಷಿನ್ ಯಾಕೆ, ಅಂಗಡಿಯಲ್ಲಿ ಹಳೆ ಚಿಪ್ಪಿನವು ಬೇರೆ ಇರಲಿಲ್ಲವೇ ಅಂತ ನೀವು ಕೇಳಬಹುದು. ಸ್ಯಾಂಪ್ಲರಿನ ಪರವಾನಗಿ ಆ ಮಷಿನ್‌ನ ಬೋರ್ಡಿಗೇ ಬೀಗ ಹಾಕಿದ ಹಾಗೆ ಕೂತಿತ್ತು. ಇನ್ನೊಂದು ಹಳೆ ಮಷಿನ್‌ಗೆ ಹಾಕಬೇಕಾದರೆ ಅದನ್ನು ಮಾಡಿದವರು ಹೊಸ ಕೀಲಿ ಕೊಡಬೇಕು. ಅವರು ವ್ಯಾಪಾರ ಮುಚ್ಚಿ ಬಹಳ ದಿನವಾಗಿತ್ತು. ಹೊಸ ಡಬ್ಬಿಯಲ್ಲಿ ನಾನು ಓಡಿಸಿದ್ದು ಮೂವತ್ತು ದಿನದ ಪ್ರಯೋಗದ ಪ್ರತಿ. ಅದೂ ಮುಗಿಯುತ್ತ ಬಂದಿತ್ತು. ಒಂದು ಪುಣ್ಯ, ಗಿರಾಕಿಯ ಹಳೆ ಡಿಸ್ಕನ್ನು ಮೂರು ತಿಂಗಳು ಅಳಿಸದೆ ಇಡುವುದು ನನ್ನ ರೂಢಿ. ಡಿಸ್ಕು ನನ್ನ ಹತ್ತಿರವೇ ಇತ್ತು.

ಗಿರಣಿಯ ಮ್ಯಾನೇಜರ್ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಕಡೆಯ ತೆಲುಗಿನವರು. ಕಾಟಾದ ಮುಂದೆ ಭತ್ತದ ಲಾರಿಗಳ ಸಾಲು. ನಾನು ಹಳೆ ಡಬ್ಬಿ ವಾಪಸ್ ಬೇಕು ಅಂದೊಡನೆ ಅವರ ಹುಬ್ಬು ಮೇಲೆ ಹೋಯಿತು.

"ಏಮಂಡೀ ಸಾಹೇಬ್ ಗಾರು, ಮೊನ್ನಿ ನೀವ ಕೊಟ್ರಿ, ಇವತ್ತು ನೀವ ಕೇಳ್ತೀರಿ. ಅದ್ರಾಗ ಬಂಗಾರ ಇಟ್ಟು ಮರ್ತೀರೇನು?"

"ಒಬ್ಬರ ಹಾಡು ಅದರ ಮ್ಯಾಲೆ ನಿಂತಾವ್ರಿ."

"ಹಾಡಾ! ಹಂಗಾದ್ರ ಬಂಗಾರಕ್ಕಿಂತ ರೇಟ್ ಹೆಚ್ಚು ಬಿಡ್ರಿ."

ಚೌಕಾಸಿಯಲ್ಲಿ ಮೊದಲ ನಿಯಮ, ನಿನಗೆ ಬೇಕೇ ಬೇಕು ಅಂತ ಎದುರಿನವನಿಗೆ ತಿಳಿಯಬಾರದು. ಆ ದಿನ ನನ್ನ ಮುಖದ ಮೇಲೇ ಬರೆದಿತ್ತು. ಅಂಗಡಿಯಲ್ಲಿದ್ದ ಒಳ್ಳೆಯ ಮಷಿನ್ ಒಂದನ್ನು ತಂದು, ಕಾಟಾದ ಸಾಫ್ಟ್‌ವೇರ್ ಹಾಕಿ, ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ವೈರು ಬದಲಿಸಿಕೊಟ್ಟೆ. ಒಂದು ವರ್ಷ ಪುಕ್ಕಟೆ ರಿಪೇರಿಯನ್ನೂ ಬರೆಸಿಕೊಂಡರು. ಹೂಂ ಅಂದೆ.

ಹಳೆ ಡಬ್ಬಿಗೆ ಹಳೆ ಡಿಸ್ಕು ಹಾಕಿ ಮಾಸ್ತರರ ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದೆ. ಫ್ಯಾನು ಗುರ್ ಅಂದಿತು. ಮಾಸ್ತರರು ಕೆಳಗೆ ಮೂರು, ಬಲಕ್ಕೆ ಎರಡು ಒತ್ತಿದರು. ದನಿ "ಹಲಗಿ" ಅಂದಿತು.

ದೇವದುರ್ಗಕ್ಕೆ ಹೋಗಿ ಹಿರಿಯ ಹಾಡುಗಾರರನ್ನು ಕಂಡೆ. ಹೊಲದ ಬದುವಿನ ಮೇಲೆ ಕೂತು ರೊಟ್ಟಿ ಉಣ್ಣುತ್ತಿದ್ದರು. ಮಾಸ್ತರರ ಕೈ ಸರಿಯಾಗಿದೆ, ತಪ್ಪು ನನ್ನ ಮಷಿನ್‌ನದು ಅಂದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು: "ಇದನ್ನ ಮಾಸ್ತರಗ ಹೇಳೀಯೇನು?"

"ಹೇಳೀನಿ."

"ನಾ ಆ ದಿನ ಕೈಯಾಗ ಕಸುವಿಲ್ಲ ಅಂದೆ. ಪಾಪ, ಸುಮ್ಮನ ಕುಂತಿದ್ದ." ತುತ್ತು ಕೈಯಲ್ಲೇ ಉಳಿಯಿತು. "ಗುರುವಾರ ಬರ್ತೀವಂತ ಹೇಳು."

ಗುರುವಾರ, ಶುಕ್ರವಾರ ಎರಡು ದಿನದಲ್ಲಿ ಏಳು ಪದ ಮುದ್ರಣವಾದವು. ಕೋಣೆಯಲ್ಲಿ ಕಾಲಿಡುತ್ತಲೇ ಹಿರಿಯರು ಮಾಸ್ತರರ ಎರಡೂ ಕೈ ಹಿಡಿದುಕೊಂಡರು. ಮೊಹರಂಗೆ ಪದಗಳು ಊರೂರಿನ ಫೋನುಗಳಿಗೆ ಹೋದವು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಎಂಟು ವರ್ಷದ ಬೋರ್ಡು ಇನ್ನೆಷ್ಟು ದಿನ? ಅದು ಹೋದ ದಿನ ಸ್ಯಾಂಪ್ಲರ್ ಹೋಗುತ್ತದೆ, ಕೊಂಡಿ ಹೋಗುತ್ತದೆ, ಮಾಸ್ತರರು ಮತ್ತೆ ಯಾರದೋ ಪಕ್ಕ ಕೂಡಬೇಕಾಗುತ್ತದೆ. ಕೊಂಡಿ ಬರೆದ ಪ್ರೋಗ್ರಾಮರಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ನಡೆದ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಹೊಸ ಚಿಪ್ಪಿಗೆ ಕೊಂಡಿ ಬರೆಯಲು ಎಷ್ಟು ತೆಗೆದುಕೊಳ್ಳುತ್ತೀರಿ ಅಂತ ಕೇಳಿದೆ. ಏನೂ ಇಲ್ಲ ಅಂದರು. ಸಂಕೋಚವೇನೋ ಅಂತ ನಾನೇ ಒಂದು ಬೆಲೆ ಹೇಳಿದೆ. ಅದಕ್ಕೂ ಇಲ್ಲ. ಏರಿಸಿದೆ. ಆಗ ಅವರು ನಕ್ಕರು.

"ಅಣ್ಣ, ನೀವು ಯಾರ ಜೊತೆ ಚೌಕಾಸಿ ಮಾಡುತ್ತಿದ್ದೀರಿ? ನನ್ನ ಹತ್ತಿರ ಆ ಮಷಿನ್ನೇ ಇಲ್ಲ. ಇಲ್ಲದ ಮಷಿನ್‌ಗೆ ಹೇಗೆ ಬರೆಯಲಿ?"

ನನ್ನ ಅಂಗಡಿಯ ಮಷಿನನ್ನು ಇಂಟರ್ನೆಟ್ ಮೂಲಕ ಬಳಸಿಕೊಳ್ಳಿ ಅಂದೆ. ದನಿ ಕೇಳುತ್ತಾ ಕೆಲಸ ಮಾಡುವವನಿಗೆ ಆ ತಡದಲ್ಲಿ ಆಗುವುದಿಲ್ಲ ಅಂದರು. ತಡದ ಬಗ್ಗೆ ನನಗೆ ಆ ಹೊತ್ತಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಸ್ತರರಿಂದ ವಾಪಸ್ ಪಡೆದ ಹೊಸ ಮಷಿನನ್ನು ಮರುದಿನವೇ ಕೊರಿಯರ್ ಮಾಡಿದೆ. ಚೀಟಿಯಿಲ್ಲ, ಕರಾರಿಲ್ಲ. ನನ್ನ ವ್ಯಾಪಾರದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ.

ಸ್ಯಾಂಪ್ಲರಿಗೆ ಬೇರೆ ದಾರಿ ಹಿಡಿದೆವು. ಸಾಫ್ಟ್‌ವೇರಿಗೆ ಚಿಪ್ಪಿನ ಹಂಗು ಇರುತ್ತದೆ, ಬರೀ ಸದ್ದಿನ ಫೈಲಿಗೆ ಇರುವುದಿಲ್ಲ. ಯಾವ ಮಷಿನ್‌ನಲ್ಲೂ ತೆರೆಯುತ್ತದೆ. ಸ್ಯಾಂಪ್ಲರಿನ 'ಎಲ್ಲ ಹೊರಹಾಕು' ಗುಂಡಿ ಕೆಲಸ ಮಾಡಲಿಲ್ಲ. ಆದ್ದರಿಂದ ಒಂದೊಂದು ಪೆಟ್ಟನ್ನೂ ಮೆಲ್ಲಗೆ, ಮಧ್ಯಮ, ಜೋರು ಅಂತ ಮೂರು ಸಲ ಬಾರಿಸಿ, ಮೂರು ಬೇರೆ ಫೈಲು ಮಾಡಿ, ಹೆಸರು ಕೊಡಬೇಕಾಯಿತು. ಮಾಸ್ತರರು ಅದನ್ನು ಒಬ್ಬರೇ ಮಾಡಿದರು. ನಾನು ನೆರವಿಗೆ ಬರುತ್ತೇನೆ ಅಂದಾಗ ಬ್ಯಾಡ ಅಂದರು. ಆ ಹಲಗಿಯ ಪೆಟ್ಟುಗಳನ್ನು ಬಾರಿಸಿದ್ದವರು ತೀರಿಕೊಂಡು ಮೂರು ವರ್ಷ. ಬೆಂಕಿಗೆ ಹಿಡಿದು ಕಾಯಿಸಿದ ಆ ಚರ್ಮದ ಸದ್ದು ಇನ್ನೆಲ್ಲೂ ಇಲ್ಲ. ಅದನ್ನು ಮಾತ್ರ ಎರಡೆರಡು ಪ್ರತಿ ಮಾಡಿದರು.

ಒಂದು ತಿಂಗಳಾದ ಮೇಲೆ ಪ್ರೋಗ್ರಾಮರ್ ಫೋನ್ ಮಾಡಿದರು. ಕೊಂಡಿ ಸಿದ್ಧ, ಪಟ್ಟಿಗಳ ಕ್ರಮವನ್ನೂ ಸುಧಾರಿಸಿದ್ದೇನೆ, ಈಗ ಅರ್ಧದಷ್ಟು ಸಲ ಒತ್ತಿದರೆ ಸಾಕು ಅಂದರು. ನಾನು ಮಾಸ್ತರರನ್ನೂ ಅದೇ ಕರೆಗೆ ಸೇರಿಸಿದೆ. ಮಾಸ್ತರರು ಕೇಳಿಸಿಕೊಂಡು, ನನ್ನ ಮೂಲಕ ಹೇಳಿಸಿದರು: "ಅವರ ದಾರಿ ಚಲೋನ ಇರಬೇಕು. ಆದ್ರ ನನ್ನ ಬೆರಳು ಎಂಟು ವರ್ಷ ಹಳೇ ದಾರಿಲೇ ನಡದಾವು. ಕೆಳಗ ಮೂರು ಅಂದ್ರ ಮೂರ ಇರಲಿ ಅನ್ರಿ." ತಮ್ಮ ಬೆರಳಿನದೂ ಅದೇ ಗತಿ, ಹತ್ತು ದಿನ ಕೊಡಿ ಅಂದರು ಪ್ರೋಗ್ರಾಮರ್. ಹಳೆ ಕ್ರಮವನ್ನೇ ಉಳಿಸಿ ಮಷಿನ್ ವಾಪಸ್ ಕಳಿಸಿದರು.

ಆ ಮಷಿನನ್ನು ಲಾಭ ಬಿಟ್ಟು, ಕೊಂಡ ಬೆಲೆಗೇ ಕೊಡಲು ಹದಿನೇಳನೇ ಸಲ ಮಾನ್ವಿಗೆ ಹೋದಾಗ ಹೊಸ ಚಿಪ್ಪಿಗೆ ಬರೆದ ಆವೃತ್ತಿ, ಹೊಸ ಕೊಂಡಿ ಎರಡೂ ಅದರಲ್ಲಿದ್ದವು. ಮಾಸ್ತರರ ಸದ್ದಿನ ಫೈಲುಗಳು ಆ ಸಾಫ್ಟ್‌ವೇರಿನದೇ ಸ್ಯಾಂಪ್ಲರಿನಲ್ಲಿ ಕೂತಿದ್ದವು. ತರ್ಜುಮೆದಾರನಿಗೆ ಕೆಲಸವೇ ಇರಲಿಲ್ಲ. ವೈರು ಹಾಕಿ ಅಳೆದೆ. ಎಂಟು ಮಿಲಿಸೆಕೆಂಡು. ಅಂಕಿ ಹೇಳಿದೆ.

"ಅಂಕಿ ನಿಮ್ಮ ಹಂತೇಕ ಇರಲಿ," ಅಂದರು ಮಾಸ್ತರರು. "ನೀವು ಹೊರಗ ಕುಂದರ್ರಿ."

"ಏನಾದ್ರೂ ಅಡಚಣಿ ಬಂದ್ರ?"

"ಕರೀತೀನಿ."

ಬಾಗಿಲು ಹಾಕಿಕೊಂಡರು. ನಾನು ಪಡಸಾಲೆಯಲ್ಲಿ ಕೂತೆ. ಅವರ ಹೆಂಡತಿ ಒಂದು ಲಂಗದ ಅಂಚು ಹೊಲಿಯುತ್ತಿದ್ದರು. ಒಳಗೆ ದನಿ ಏನೋ ಓದುತ್ತಿತ್ತು, ಕೀಲಿಗಳು ಟಕಟಕ ಅನ್ನುತ್ತಿದ್ದವು. ಹಲಗಿಯ ಒಂದು ತಾಳ ಬಂತು, ನಿಂತಿತು. ಅದೇ ತಾಳ ಮತ್ತೆ. ಅಲ್ಲಲ್ಲಿ ತಪ್ಪಿದಾಗ ನಾನು ಎದ್ದು ನಿಂತೆ. ಹೆಂಡತಿ ತಲೆ ಎತ್ತದೆ, "ಕುಂದರ್ರಿ, ಕರದಿಲ್ಲ," ಅಂದರು. ನಡುವೆ ಒಮ್ಮೆ ಬಹಳ ಹೊತ್ತು ಏನೂ ಕೇಳಲಿಲ್ಲ. ಒಳಗಿಂದ ಮಾಸ್ತರರು ತಮಗೆ ತಾವೇ ಏನೋ ಬೈದುಕೊಂಡರು, ಮತ್ತೆ ಕೀಲಿಗಳ ಸದ್ದು. ಸುಮಾರು ಎರಡು ತಾಸು. ಕೊನೆಗೆ ಆ ಹಿರಿಯರ ಪದ ಮೊದಲಿಂದ ಶುರುವಾಯಿತು. ಮಾಸ್ತರರು ಅದರ ಹಳೆ ಹಲಗಿ ತೆಗೆದು, ಈ ಮಷಿನ್‌ನಲ್ಲಿ ಹೊಸದಾಗಿ ಬಾರಿಸಿದ್ದರು. ಪದದ ಕೊನೆಯ ತನಕ ಹಲಗಿ ಎಲ್ಲೂ ಹಿಂದೆ ಬೀಳಲಿಲ್ಲ. ಮುಗಿಯಿತು. ನಾನು ಕಾದೆ. ಬಾಗಿಲು ತೆರೆಯಲಿಲ್ಲ. ಒಳಗೆ ಎರಡನೇ ಪದದ ಕೆಲಸ ಶುರುವಾಗಿತ್ತು.

"ಬಸ್ಸು ಅದ ನೋಡ್ರಿ ನಿಮಗ," ಅಂದರು ಹೆಂಡತಿ. ಚೀಲ ತೆಗೆದುಕೊಂಡು ಹೊರಟೆ.

ಈಗ ನಿಮಗೆ ಹೇಳುವುದು. ನಿಮ್ಮ ಊರಿನಲ್ಲೂ ಯಾರೋ ಒಬ್ಬರು ಹಳೆ ಮಷಿನ್ ಮೇಲೆ ಹಾಡು ಮಾಡುತ್ತಿರುತ್ತಾರೆ, ನೀವೇ ಆಗಿರಬಹುದು. ಹೊಸ ಪ್ರೊಸೆಸರಿಗೆ ಹೋಗುವ ಮುಂಚೆ ಹಳೆಯದರ ನಿಜವಾದ ರೋಗ ಏನು ಅಂತ ಬೇರೆ ಅಂಗಡಿಯವನ ಹತ್ತಿರ ಕೇಳಿ, ಮಾರುವವನ ಹತ್ತಿರ ಅಲ್ಲ. ನೀವು ಬಳಸುವ ಪ್ರತಿಯೊಂದು ಸಣ್ಣ ಸಾಫ್ಟ್‌ವೇರಿನ ಹೆಸರು, ಅದನ್ನು ಮಾಡಿದವರು ಇನ್ನೂ ಇದ್ದಾರೋ ಇಲ್ಲವೋ, ಹೊಸ ಚಿಪ್ಪಿಗೆ ಬರೆದಿದ್ದಾರೋ ಇಲ್ಲವೋ, ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ತರ್ಜುಮೆಯಲ್ಲಿ ಓಡುತ್ತದೆ ಅಂದರೆ ಒಪ್ಪಬೇಡಿ, ವೈರು ಹಾಕಿ ಅಳೆಯಿರಿ. ಮುಗಿದ ಹಾಡುಗಳ ಒಂದೊಂದು ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಕೊನೆಯವರೆಗೆ ಬರೀ ಸದ್ದಿನ ಫೈಲಾಗಿ ತೆಗೆದಿಡಿ, ಎರಡು ಕಡೆ ಇಡಿ. ಹೊಸ ಮಷಿನ್‌ನಲ್ಲಿ ಒಂದು ಕೆಲಸ ಮೊದಲಿಂದ ಕೊನೆಯವರೆಗೆ ಮುಗಿಯುವ ತನಕ ಹಳೆಯದನ್ನು ಯಾವ ಬೆಲೆಗೂ ಮಾರಬೇಡಿ. ಒಬ್ಬನೇ ಕೂತು ಸಾಫ್ಟ್‌ವೇರ್ ಬರೆಯುವವನಿಗೆ ದುಡ್ಡಿನ ಆಸೆ ತೋರಿಸುವ ಮುಂಚೆ ಅವನ ಹತ್ತಿರ ಏನಿಲ್ಲ ಅಂತ ಕೇಳಿ. ಮತ್ತೆ, ಮಾರುವವನು ಪರದೆ ತೋರಿಸಿದರೆ ನೋಡಬೇಡಿ. ದಿನವೂ ಅದರ ಮೇಲೆ ದುಡಿಯುವವರನ್ನು ಕುರ್ಚಿಯಲ್ಲಿ ಕೂಡಿಸಿ, ಅವರ ಕೆಲಸ ಅವರೇ ಮಾಡಲಿ, ಎರಡು ತಾಸು. ಬೆಲೆಯ ಮಾತು ಅದಾದ ಮೇಲೆ ತೆಗೆಯಿರಿ.